ವಿರೋಧದ ಪಾಳಿ

ಸವದತ್ತಿಯ ಆ ಹೈಸ್ಕೂಲಿನ ಚರ್ಚಾಸ್ಪರ್ಧೆಗೆ ಬೇರೆಲ್ಲೂ ಇಲ್ಲದ ಒಂದು ನೇಮವಿತ್ತು. ಹೋದ ವರ್ಷ ಬಹುಮಾನದ ಢಾಲು ಗೆದ್ದವರು ಈ ವರ್ಷ ವಿರೋಧದ ಕಡೆಯಿಂದಲೇ ಮಾತಾಡಬೇಕು. ವಿಷಯ ಯಾವುದೇ ಇರಲಿ, ಅವರ ಮನಸ್ಸಿನಲ್ಲಿ ಏನೇ ಇರಲಿ, ಅವರ ಪಾಳಿ ವಿರೋಧದ್ದು. ವಿರೋಧದವರು ಗೆಲ್ಲುವುದು ಅಪರೂಪವಾದ್ದರಿಂದ ಢಾಲು ಒಬ್ಬರ ಮನೆಯಲ್ಲೇ ಕೂಡದೆ ನಾಲ್ಕು ಮಂದಿಯ ಕೈಗೆ ತಿರುಗುತ್ತದೆ ಎಂದು ಕನ್ನಡ ಕಲಿಸುವ ಪಾಂಡುರಂಗ ಮಾಸ್ತರರು ಈ ನೇಮ ಹಾಕಿದ್ದರು. ಬೈಲಹೊಂಗಲ, ಕಿತ್ತೂರು, ರಾಮದುರ್ಗದಿಂದ ಬರುವ ಹುಡುಗರಿಗೂ ಇದು ಗೊತ್ತಿತ್ತು. ಮಾಸ್ತರರು ಊಟ ಬಿಟ್ಟಾರು, ನೇಮ ಬಿಡುವವರಲ್ಲ.

ಹೋದ ವರ್ಷ ಢಾಲು ಗೆದ್ದವಳು ಸಾವಿತ್ರಿ. ಉಗರಗೋಳದ ಸೋಮಪ್ಪನ ಮಗಳು. ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಮಂದಿಗೆ ಕಾಯಿ, ಕರ್ಪೂರ, ಭಂಡಾರ ಮಾರುವ ಅಂಗಡಿ ಅವರದು. ತೊಟ್ಟಿಲಲ್ಲಿದ್ದಾಗಿನಿಂದ ಅಪ್ಪ ಗಿರಾಕಿಗಳನ್ನು ಕೂಗಿ ಕರೆಯುವುದನ್ನು ಕೇಳಿ ಬೆಳೆದವಳಿಗೆ ನಾಲ್ಕು ಜನರೆದುರು ಬಾಯಿ ತೆರೆಯುವ ಅಂಜಿಕೆ ಇರಲಿಲ್ಲ. ಮ್ಯಾಟ್ರಿಕ್ ಮುಗಿಸಿ, ಟ್ರೇನಿಂಗು ಮಾಡಿ, ಸಾಲಿಯಲ್ಲಿ ಕಲಿಸುವ ಅಕ್ಕೋರಾಗಬೇಕು ಎಂಬುದು ಅವಳ ಆಸೆ. ಸಾಲಹಳ್ಳಿಯಲ್ಲಿರುವ ತನ್ನ ತಮ್ಮನಿಗೆ ಅವಳನ್ನು ಕೊಟ್ಟು ಕೈತೊಳೆದುಕೊಳ್ಳಬೇಕು ಎಂಬುದು ಅವ್ವ ತಂಗೆವ್ವನ ಆಸೆ. ಸೋಮಪ್ಪ ಇಬ್ಬರ ನಡುವೆ ಪಂಚಾಯ್ತಿ ಮಾಡಿದ್ದ. ಮ್ಯಾಟ್ರಿಕ್ ಪಾಸಾದರೆ ಮುಂದೆ ಕಲಿಯಲಿ, ಇಲ್ಲವಾದರೆ ಬರುವ ವೈಶಾಖದಲ್ಲಿ ಲಗ್ನ. ಹೀಗಾಗಿ ಮಾರ್ಚ್ ತಿಂಗಳ ಪರೀಕ್ಷೆಗೆ ಕೂಡುವುದೊಂದೇ ಸಾವಿತ್ರಿಗೆ ಉಳಿದ ದಾರಿಯಾಗಿತ್ತು.

ಎಪ್ಪತ್ತಾರರ ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ದೇಶದಲ್ಲಿ ತುರ್ತು ಪರಿಸ್ಥಿತಿ ಸಾರಿ ಅರ್ಧ ವರ್ಷ ಕಳೆದಿತ್ತು. ಸಾಲಿಯ ಗೋಡೆಯ ಮೇಲೆ ‘ಮಾತು ಕಡಿಮೆ, ದುಡಿಮೆ ಹೆಚ್ಚು’ ಎಂದು ಆಳೆತ್ತರದ ನೀಲಿ ಅಕ್ಷರಗಳಲ್ಲಿ ಬರೆಸಲಾಗಿತ್ತು. ಅದನ್ನು ಬರೆಸಿದ ಹೆಡ್‌ಮಾಸ್ತರ ನಿಜಗುಣಪ್ಪನವರು ಮಾತ್ರ ದಿನಾ ಪ್ರಾರ್ಥನೆಯ ನಂತರ ಹುಡುಗರ ಕಾಲು ನೋಯುವವರೆಗೆ ಮಾತಾಡುತ್ತಿದ್ದರು. ಆ ವರ್ಷದ ಚರ್ಚೆಯ ವಿಷಯವನ್ನೂ ಅವರೇ ಆರಿಸಿದರು: ‘ವಿದ್ಯಾರ್ಥಿಗಳಿಗೆ ಮಾತಿಗಿಂತ ಶಿಸ್ತು ಮೇಲು.’ ತಾಲೂಕಿನ ಮಾಮಲೇದಾರ ಸಾಹೇಬರು ಅಧ್ಯಕ್ಷರಾಗಿ ಬರುವವರಿದ್ದರು.

ತಲೆ ನೆಟ್ಟಗಿದ್ದ ಬೇರೆ ಯಾರಾದರೂ ಆಗಿದ್ದರೆ ಆ ವರ್ಷದ ಮಟ್ಟಿಗೆ ವಿರೋಧವನ್ನು ಕೈಬಿಡುತ್ತಿದ್ದರು. ನಿಜಗುಣಪ್ಪನವರು ಅದನ್ನೇ ಸೂಚಿಸಿದರು ಕೂಡ.

“ವಿರೋಧ ಇಲ್ಲದ ಚರ್ಚಾ ಅಂದ್ರ ಅದು ಭಜನಿ ಆಗ್ತದ್ರಿ,” ಎಂದರು ಪಾಂಡುರಂಗ ಮಾಸ್ತರರು. “ಭಜನಿ ಬೇಕಾದ್ರ ಗುಡಿಯೊಳಗ ಇಟ್ಟುಕೊಳ್ಳೋಣ.”

“ಆತು ಬಿಡ್ರಿ. ವಿರೋಧಕ್ಕ ಯಾರದಾರ ಈ ಸಲ?”

“ಉಗರಗೋಳದ ಹುಡುಗಿ.”

ಹೆಡ್‌ಮಾಸ್ತರರಿಗೆ ನಿರಾಳವಾಯಿತು. ಹುಡುಗಿ ಅಂದಮೇಲೆ ಏನು ಮಾತಾಡಿಯಾಳು? ನಾಲ್ಕು ಮಾತು ಗುನುಗಿ ಕೂಡುತ್ತಾಳೆ ಎಂದುಕೊಂಡರು. ತಮ್ಮ ಸಾಲಿಯ ಪರದ ಹುಡುಗರಿಗೆ ಮಾಸ್ತರರು ತಾವೇ ಕೂತು ಮುದ್ದೆಗಳನ್ನು, ಅಂದರೆ ಮಾತಾಡಬೇಕಾದ ಅಂಶಗಳನ್ನು, ಬರೆಸಿದರು. ಸಾವಿತ್ರಿಯ ಪಾಳಿ ಬಂದಾಗ ಅವರಿಗೆ ವೇಳೆ ಉಳಿದಿರಲಿಲ್ಲ. “ನಿಂದು ಹೆಂಗೂ ಸೋಲೂ ಕಡೆ ಅದ. ನಿನಗ ತಿಳಿದಷ್ಟು ಮಾತಾಡು, ಸಾಹೇಬ್ರು ಬರೂರಿದ್ದಾರ, ನಯವಾಗಿ ಮಾತಾಡು,” ಎಂದು ಎದ್ದು ಹೋದರು. ಇಡೀ ಸಾಲಿಯಲ್ಲಿ ಆ ಭಾಷಣದ ಬಗ್ಗೆ ನಡೆದ ಮಾತುಕತೆ ಅಷ್ಟೇ.

ತನಗೆ ತಿಳಿದಿದ್ದೇನು ಎಂದು ಸಾವಿತ್ರಿ ಉಗರಗೋಳದ ದಾರಿಯುದ್ದಕ್ಕೂ ಯೋಚಿಸಿದಳು. ಪಕ್ಕದಲ್ಲಿ ಗೆಳತಿ ಯಲ್ಲವ್ವ ಇರಲಿಲ್ಲ. ದೀಪಾವಳಿಯವರೆಗೂ ಇಬ್ಬರೂ ಕೂಡಿಯೇ ನಡೆದು ಬರುತ್ತಿದ್ದರು. ಆಮೇಲೆ ಯಲ್ಲವ್ವನಿಗೆ ಕಿಬ್ಬೊಟ್ಟೆ ನೋವು, ಉರಿ, ಚಳಿಜ್ವರ ಎಲ್ಲ ಒಟ್ಟಿಗೆ ಬಂದವು. ಡಾಕ್ಟರರು, “ಈ ಹುಡುಗಿ ನೀರು ಕುಡಿಯೂದಿಲ್ಲೇನು? ಒತ್ತಿ ಹಿಡಕೊಂಡು ಕೂಡ್ತಾಳೇನು?” ಎಂದು ಕೇಳಿದ್ದರು. ಯಲ್ಲವ್ವನ ಮನೆಯವರಿಗೆ ಆ ಪ್ರಶ್ನೆಯೇ ನಾಚಿಕೆಯದಾಗಿ ಕಂಡಿತು. ಅವರು ಅವಳನ್ನು ಸಾಲಿ ಬಿಡಿಸಿದರು.

ಸವದತ್ತಿಯ ಹುಡುಗಿಯರು ನಡುಹೊತ್ತಿನ ಬಿಡುವಿನಲ್ಲಿ ಮನೆಗೆ ಹೋಗಿ ಬರುತ್ತಿದ್ದರು. ಹಳ್ಳಿಯಿಂದ ಬಂದವರಿಗೆ ಮರೆಗೆ ಸಾಲಿಯ ಹಿಂದಿನ ಜಾಲಿ ಕಂಟಿಗಳೇ ಗತಿ. ಒಬ್ಬಳು ಹೋದರೆ ಇನ್ನೊಬ್ಬಳು ಕಾವಲು. ಶ್ರಾವಣದಲ್ಲಿ ದೊಡ್ಡ ಸಾಹೇಬರೊಬ್ಬರು ಬರುತ್ತಾರೆಂದು ನಿಜಗುಣಪ್ಪನವರು ಆ ಜಾಲಿಯನ್ನೆಲ್ಲ ಬುಡಸಮೇತ ಕಡಿಸಿ, ನೆಲ ಸಮ ಮಾಡಿ, ಕವಾಯತಿನ ಬಯಲು ಮಾಡಿದರು. ಸಾಹೇಬರು ಬರಲೇ ಇಲ್ಲ, ಬಯಲು ಮಾತ್ರ ಉಳಿಯಿತು. ಹುಡುಗಿಯರು ಮೂರು ನಾಲ್ಕು ಮಂದಿ ಕೂಡಿ ಹೆಡ್‌ಮಾಸ್ತರರ ಬಾಗಿಲಿಗೆ ಹೋಗಿ ನಿಂತಾಗ, ಏನು ಬೇಕೆಂದು ಹೇಳಲು ನಾಚಿ ಒಬ್ಬರ ಮುಖ ಒಬ್ಬರು ನೋಡಿದರು. ಅವರು ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿ, “ಓದಾಕ ಬರತೈತಿಲ್ಲೋ? ನಡೀರಿ ಕ್ಲಾಸಿಗೆ,” ಎಂದಿದ್ದರು. ಅಂದಿನಿಂದ ಆ ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟರು.

ಚರ್ಚೆಯ ದಿನ ವೇದಿಕೆಯ ಮೇಲೆ ಮಾಮಲೇದಾರರು, ಢಾಲು ಕೊಟ್ಟ ಅರಳೆ ವ್ಯಾಪಾರಿ ಮಹಾಂತಪ್ಪನವರು, ಹೆಡ್‌ಮಾಸ್ತರರು ಸಾಲಾಗಿ ಕೂತಿದ್ದರು. ಕಿತ್ತೂರಿನಿಂದ ಬಂದ ಹುಡುಗ ವಿದ್ಯಾರ್ಥಿಗಳು ಸಿಪಾಯಿಗಳಂತಿರಬೇಕು ಎಂದು ಟೇಬಲ್ ಗುದ್ದಿ ಹೇಳಿದ. ರಾಮದುರ್ಗದವನು ಸರಕಾರದ ಇಪ್ಪತ್ತು ಅಂಶಗಳ ಕಾರ್ಯಕ್ರಮವನ್ನು ಉಸಿರು ಬಿಡದೆ ಒಪ್ಪಿಸಿದ. ಚಪ್ಪಾಳೆ ಬಿದ್ದವು. ಆಮೇಲೆ ಸಾವಿತ್ರಿಯ ಹೆಸರು ಕರೆದರು. ಅವಳ ಕೈಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ.

“ಅಧ್ಯಕ್ಷರೇ, ಗುರುಹಿರಿಯರೇ,” ಎಂದು ಮಾಸ್ತರರು ಕಲಿಸಿದ ಪುಸ್ತಕದ ಮಾತಿನಲ್ಲೇ ಶುರು ಮಾಡಿದಳು. “ಮಾತಿಗಿಂತ ಶಿಸ್ತು ಮೇಲು ಎಂಬುದನ್ನು ನಾನು ವಿರೋಧಿಸುತ್ತೇನೆ. ಶಿಸ್ತು ಎಂದರೇನೆಂದು ಈ ಶಾಲೆಯ ಹುಡುಗಿಯರಿಗೆ ಯಾರೂ ಕಲಿಸಬೇಕಾಗಿಲ್ಲ.” ಇಷ್ಟು ಹೇಳುವಷ್ಟರಲ್ಲಿ ಹುಡುಗಿಯರ ಸಾಲಿನ ಖಾಲಿ ಜಾಗದಲ್ಲಿ ಯಲ್ಲವ್ವ ಕೂತಂತೆ ಕಂಡಿತೋ ಏನೋ, ಪುಸ್ತಕದ ಮಾತು ಕೈಬಿಟ್ಟು ಹೋಯಿತು. “ಮುಂಜಾನಿ ಮನಿ ಬಿಟ್ಟಾಗಿಂದ ಸಂಜಿಗೆ ಮನಿ ಮುಟ್ಟೂ ತನಕ ನಾವು ಒಂದು ಗುಟುಕು ನೀರು ಕುಡಿಯಂಗಿಲ್ರಿ. ರೊಟ್ಟಿ ಗಂಟಲದಾಗ ಸಿಕ್ಕರೂ ಕುಡಿಯಂಗಿಲ್ಲ. ಕುಡದ್ರ ಹೋಗಬೇಕಾಕ್ಕೈತಿ, ಹೋಗಾಕ ಜಾಗಾ ಇಲ್ಲ. ಮೊದಲ ಹಿಂದ ಜಾಲಿ ಕಂಟಿ ಇದ್ದೂ. ಸಾಲಿ ಚೆಂದ ಕಾಣಲಿ ಅಂತ ಅವನ್ನ ಕಡಿಸಿದ್ರಿ. ನಾವು ಸುಮ್ಮನ ಕುಂತ್ವಿ. ನನ್ನ ಗೆಳತಿ ಒಬ್ಬಾಕಿ ಹಂಗ ಸುಮ್ಮನ ಕುಂತು ಕುಂತು ಜಡ್ಡಾಗಿ ಸಾಲಿ ಬಿಟ್ಟಳು. ಆಕಿ ಭಾಳ ಶಿಸ್ತಿನಾಕಿರಿ. ಒಂದ ಒಂದು ಮಾತು ಹೇಳಿದ್ರ ಆಕಿ ಇವತ್ತು ಇಲ್ಲಿ ಕುಂತಿರತಿದ್ಲು. ಹೇಳಾಕ ಹೋದ್ರ ನೀವು ಗ್ವಾಡಿ ತೋರಿಸಿದ್ರಿ. ಅದಕ್ಕ ಮಾತು ಮೇಲು ಅಂತ ನಾ ಹೇಳತೇನಿ.”

ಅಷ್ಟು ಹೇಳಿ ನಮಸ್ಕಾರ ಮಾಡಿ ಕೂತಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಳ್ಳಿಯ ಹುಡುಗಿಯರು ತಲೆ ಬಗ್ಗಿಸಿ ಉಟ್ಟ ಪರಕಾರದ ಅಂಚು ನೋಡುತ್ತಿದ್ದರು. ಅಷ್ಟೊಂದು ಗಂಡಸರ ನಡುವೆ ತಮ್ಮ ಗುಟ್ಟು ಬಯಲಾಯಿತಲ್ಲ ಎಂಬ ನಾಚಿಕೆ ಅವರಿಗೆ. ಸಾವಿತ್ರಿಗೆ ಅವರ ಮೇಲೆ ಸಿಟ್ಟು ಬಂತು, ಮರುಕವೂ ಬಂತು. ಢಾಲು ಕಿತ್ತೂರಿನ ಸಿಪಾಯಿಯ ಪಾಲಾಯಿತು.

ಮಾಮಲೇದಾರರು ಜೀಪು ಹತ್ತುವ ಮುನ್ನ ಒಂದೇ ಒಂದು ಮಾತು ಕೇಳಿದರು. “ಆ ಹುಡುಗಿಗೆ ಭಾಷಣ ಬರಕೊಟ್ಟವರು ಯಾರ್ರಿ?” ಜಾಗ ಯಾಕಿಲ್ಲ ಎಂದು ಕೇಳಲಿಲ್ಲ. ಮರುದಿನ ಸೋಮಪ್ಪನಿಗೆ ಕರೆ ಹೋಯಿತು. ಅವನು ಅಂಗಡಿಗೆ ಬಾಗಿಲೆಳೆದು, ತೊಳೆದ ಧೋತರ ಉಟ್ಟು, ಕೈಯಲ್ಲಿ ಟೊಪ್ಪಿಗೆ ಹಿಡಿದು ಬಂದು ನಿಂತ.

“ಯಾರು ಬರಕೊಟ್ರು ಹೇಳು,” ಎಂದರು ಹೆಡ್‌ಮಾಸ್ತರರು.

“ಯಾರೂ ಇಲ್ರಿ ಸರ. ನಾನ ವಿಚಾರ ಮಾಡಿ ಹೇಳೇನ್ರಿ,” ಎಂದಳು ಸಾವಿತ್ರಿ.

“ಹದಿನೈದು ವರ್ಷದಾಕಿ ನೀ. ಸರಕಾರದ ವಿರುದ್ಧ ವಿಚಾರ ನಿನ್ನ ತಲಿಯಾಗ ಎಲ್ಲಿಂದ ಬಂತು?”

“ಸರಕಾರದ್ದು ನಾ ಏನೂ ಅಂದಿಲ್ರಿ. ಸಂಡಾಸಿಲ್ಲ ಅಂದೇನಿ.”

“ನೋಡ್ರಿ ಸೋಮಪ್ಪ, ಹೆಂಗ ಉತ್ತರ ಕೊಡತಾಳ. ಇದು ಕಲಿಸಿದ್ದ ಮಾತು,” ಎಂದರು ನಿಜಗುಣಪ್ಪನವರು. “ಪಾಂಡುರಂಗ ಮಾಸ್ತರ ಹೇಳಿಕೊಟ್ಟಾರ ಅಂತ ಒಂದು ಮಾತು ಹೇಳಲಿ, ಮುಗೀತು. ಇಲ್ಲಾಂದ್ರ ಪರೀಕ್ಷಾದ ಹಾಲ್ ಟಿಕೇಟು ನನ್ನ ಕಪಾಟದಾಗ ಇರತೈತಿ.”

ನಿಜಗುಣಪ್ಪನವರು ಹೆಡ್ಡರೇನಲ್ಲ. ಮಾತು ಹುಡುಗಿಯದಾದರೆ ಅದು ಸಂಡಾಸಿನ ತಕರಾರು. ಜಾಲಿ ಕಡಿಸಿದವರು ಯಾರು, ಸಾಲಿಯ ಕಟ್ಟಡಕ್ಕೆಂದು ಬಂದ ರೊಕ್ಕ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿಯಾರು. ಅದೇ ಮಾತು ಮಾಸ್ತರರದಾದರೆ ರಾಜದ್ರೋಹ. ರಾಜದ್ರೋಹದಲ್ಲಿ ಹೆಡ್‌ಮಾಸ್ತರರನ್ನು ಯಾರೂ ಏನೂ ಕೇಳುವುದಿಲ್ಲ, ಬೆನ್ನು ತಟ್ಟುತ್ತಾರೆ.

ಸೋಮಪ್ಪ ಹೊರಗೆ ಬಂದು ಮಗಳ ಮುಂದೆ ನಿಂತ. ಗುಡ್ಡದ ದಾರಿಯಲ್ಲಿ ಯಾರನ್ನೂ ಅಂಜದೆ ಕೂಗಿ ಕರೆಯುವ ಗಂಡಸಿನ ದನಿ ಅಡಗಿ ಹೋಗಿತ್ತು. “ಹೇಳಿಬಿಡ ನಮ್ಮವ್ವ. ಮಾಸ್ತರ ದೊಡ್ಡವರು, ಹೆಂಗರ ತಪ್ಪಿಸಿಕೊಳ್ತಾರ. ನಿನ್ನ ಪರೀಕ್ಷಾ ತಪ್ಪಿದ್ರ ನಿಮ್ಮವ್ವಗ ನಾ ಏನಂತ ಹೇಳಲಿ?”

“ಅವರು ಬರಕೊಟ್ಟಿಲ್ಲಪ್ಪಾ. ಇಲ್ಲದ್ದ ಹೆಂಗ ಹೇಳಲಿ?”

“ನೀನರ ಹೆಂಗ ಬರದಿ?” ಎಂದು ಕೇಳಿಬಿಟ್ಟ ಸೋಮಪ್ಪ. ಕೇಳಿದ ಮೇಲೆ ಮಗಳ ಮುಖ ನೋಡಿ ಬೇರೆ ಕಡೆ ತಿರುಗಿದ. ಹೆತ್ತ ಅಪ್ಪನೂ ನಂಬಲಿಲ್ಲ ಎಂಬುದು ಸಾವಿತ್ರಿಗೆ ಹಾಲ್ ಟಿಕೇಟಿಗಿಂತ ಹೆಚ್ಚು ನೋವು ಕೊಟ್ಟಿತು.

ಮನೆಯಲ್ಲಿ ತಂಗೆವ್ವ ಬೇರೆ ರಾಗ ತೆಗೆದಳು. ಗಂಡಸರ ಮುಂದೆ ಹೋಗೂದು ಬರೂದು ಎಲ್ಲ ಒದರಿ ಬಂದಾಳ, ಇನ್ನು ಸಾಲಹಳ್ಳಿಯವರೂ ಒಲ್ಲೆ ಅಂತಾರ ಎಂದು ಅತ್ತಳು. ಸಾವಿತ್ರಿ ಸುಮ್ಮನೆ ರೊಟ್ಟಿ ತಿಂದಳು. ಒಂದು ವಾರ ಹೀಗೇ ನಡೆಯಿತು. ಕ್ಲಾಸಿನಲ್ಲಿ ಅವಳ ಬೆಂಚಿಗೆ ಯಾರೂ ಬರಲಿಲ್ಲ. ಬೇರೆ ಮಾಸ್ತರರು ಅವಳನ್ನು ಪ್ರಶ್ನೆ ಕೇಳುವುದನ್ನೂ ಬಿಟ್ಟರು. ಅವಳು ಮಾತ್ರ ಕೇಳಿದವರಿಗೆಲ್ಲ “ನಂದರಿ, ನಂದ ಮಾತದು” ಎಂದೇ ಹೇಳುತ್ತ ಬಂದಳು.

ವಾರದ ಮೇಲೆ ಹೆಡ್‌ಮಾಸ್ತರರು ಅವಳನ್ನು ಕರೆದು, ನಗುನಗುತ್ತ ಹೇಳಿದರು. “ಆತು ಹೋಗವಾ, ನಿನ್ನ ತ್ರಾಸು ಮುಗೀತು. ಪಾಂಡುರಂಗ ಮಾಸ್ತರ ತಾವ ಬರಕೊಟ್ಟೇನಿ ಅಂತ ಒಪ್ಪಿಕೊಂಡಾರ.”

ಸಾವಿತ್ರಿಗೆ ಎಲ್ಲ ಹೊಳೆಯಿತು. ಮಾಸ್ತರರು ತನಗಾಗಿ ಸುಳ್ಳು ಹೇಳಿದ್ದಾರೆ. ತನ್ನ ಪರೀಕ್ಷೆ ಉಳಿಯಲೆಂದು ಅವರು ತಮ್ಮ ಅನ್ನ ಕಳೆದುಕೊಳ್ಳುತ್ತಿದ್ದಾರೆ. ಫೌಜದಾರರು ಅವರನ್ನು ಠಾಣೆಯಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂಡಿಸಿದ್ದರಂತೆ. ನೌಕರಿಯಿಂದ ಅಮಾನತು ಮಾಡಿದ ಆರ್ಡರು ಬಂದಿತ್ತಂತೆ. ಅವರನ್ನು ಹೇಗೆ ಉಳಿಸುವುದು ಎಂಬುದರ ಹೊರತು ಅವಳ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ. ವೈಶಾಖದ ಲಗ್ನವಾದರೂ ಆಗಲಿ, ನಾಳೆ ಎಲ್ಲರೆದುರು ನಿಜ ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಳು. ನಿಜ ಹೇಳಿದರೆ ಕೆಲಸವಾಗುತ್ತದೆ ಎಂದು ಆ ವಯಸ್ಸಿನಲ್ಲಿ ಯಾರಿಗೆ ತಾನೇ ಅನಿಸುವುದಿಲ್ಲ?

ಅವಕಾಶವನ್ನು ಹೆಡ್‌ಮಾಸ್ತರರೇ ಮಾಡಿಕೊಟ್ಟರು. ಪ್ರಾರ್ಥನೆ ಮುಗಿದ ಮೇಲೆ ಅವಳನ್ನು ಕಟ್ಟೆಯ ಮೇಲೆ ಕರೆದು, ಅಂದು ಆಡಿದ ಮಾತು ತನ್ನದಲ್ಲವೆಂದು ಹೇಳಿ ಕ್ಷಮೆ ಕೇಳು ಎಂದರು. ಶಿಕ್ಷಣ ಇಲಾಖೆಯ ಇನ್ಸ್‌ಪೆಕ್ಟರರೊಬ್ಬರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎದುರಿಗೆ ಇಡೀ ಸಾಲಿ. ಅವರ ಹಿಂದೆ ಜಾಲಿ ಇಲ್ಲದ ಬಯಲು.

“ಅವತ್ತು ಆಡಿದ ಮಾತು ನಂದ,” ಎಂದಳು ಸಾವಿತ್ರಿ. “ಪಾಂಡುರಂಗ ಸರ್ ನನಗ ಒಂದಕ್ಷರ ಬರಕೊಟ್ಟಿಲ್ಲ, ಹೇಳಿಕೊಟ್ಟಿಲ್ಲ. ನೀರು ಕುಡೀದ ಕುಂತಾಕಿ ನಾನು, ಅವರಲ್ಲ. ಅವರಿಗೆ ಅದು ಗೊತ್ತ ಇರಲಿಲ್ಲ. ನನ್ನ ಪರೀಕ್ಷಾ ಉಳಿಲಿ ಅಂತ ಅವರು ಸುಳ್ಳು ಹೇಳ್ಯಾರ. ಶಿಕ್ಷಾ ಕೊಡೂದಿದ್ರ ನನಗ ಕೊಡ್ರಿ.”

ಗೆದ್ದೆ ಎಂದುಕೊಂಡಳು ಅವಳು. ನಿಜಗುಣಪ್ಪನವರು ನಿಧಾನವಾಗಿ ಇನ್ಸ್‌ಪೆಕ್ಟರರ ಕಡೆ ಬಾಗಿದರು. ಅವರ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

“ಕೇಳಿದ್ರಿ ಸಾಹೇಬ್ರ? ಹೆಂಗ ತಯಾರಿ ಮಾಡ್ಯಾರ ನೋಡ್ರಿ. ಇದನ್ನೂ ಕಲಿಸಿ ಬಿಟ್ಟಾರ.”

ಇನ್ಸ್‌ಪೆಕ್ಟರರು ತಲೆದೂಗಿದರು. “ಹೌದಲ್ರಿ. ಏನು ಪಾಠ, ಏನು ಧಾಟಿ! ಪಾಪ, ಸಣ್ಣ ಕೂಸು. ಇಂಥಾವರನ್ನ ಹಾಳು ಮಾಡತಾರ ನೋಡ್ರಿ ಈ ಮಂದಿ,” ಎಂದರು. ಆಮೇಲೆ ಸಾವಿತ್ರಿಯ ತಲೆಯ ಮೇಲೆ ಕೈಯಿಟ್ಟು, “ಅಂಜಬ್ಯಾಡ. ನಿಂದೇನೂ ತಪ್ಪಿಲ್ಲ,” ಎಂದರು.

ಅಂದೇ ಮಧ್ಯಾಹ್ನ ಕಪಾಟಿನಿಂದ ಹಾಲ್ ಟಿಕೇಟು ಹೊರಗೆ ಬಂತು. ಬೈದಿದ್ದರೆ, ಹೊಡೆದಿದ್ದರೆ, ಹೆಸರು ಹೊಡೆದುಹಾಕಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ತಪ್ಪಿಲ್ಲ ಎಂದು ಬಿಟ್ಟದ್ದನ್ನು ತಡೆದುಕೊಳ್ಳಲಾಗಲಿಲ್ಲ. ಸೋಮಪ್ಪ ಮಾತ್ರ ಖುಷಿಯಿಂದ ಗುಡ್ಡಕ್ಕೆ ಹೋಗಿ ಯಲ್ಲಮ್ಮ ತಾಯಿಗೆ ಕಾಯಿ ಒಡೆಸಿ ಬಂದ.

ಪಾಂಡುರಂಗ ಮಾಸ್ತರರು ಸವದತ್ತಿಯ ಬಾಡಿಗೆ ಮನೆ ಬಿಟ್ಟು ರಾಮದುರ್ಗದಲ್ಲಿದ್ದ ಅಣ್ಣನ ಮನೆಗೆ ಹೊರಟರು. ಆ ಸುದ್ದಿ ಕೇಳಿ ಸಾವಿತ್ರಿ ಸಾಲಿಗೆ ಹೋಗುವ ದಾರಿ ಬಿಟ್ಟು ಅವರ ಓಣಿಗೆ ಹೋದಳು. ಬಾಗಿಲ ಮುಂದೆ ಚಕ್ಕಡಿ ನಿಂತಿತ್ತು. ಹಾಸಿಗೆಯ ಸುರುಳಿ, ಎರಡು ಟ್ರಂಕು, ದೇವರ ಪೆಟ್ಟಿಗೆ ಏರಿದ್ದವು. ಬೀಳ್ಕೊಡಲು ಓಣಿಯವರು ಯಾರೂ ಬಂದಿರಲಿಲ್ಲ. ಮಾಸ್ತರರು ಹಗ್ಗ ಬಿಗಿಯುತ್ತಿದ್ದವರು ಅವಳನ್ನು ನೋಡಿ ಕೈ ಒರೆಸಿಕೊಂಡರು. ಸಾವಿತ್ರಿ ಬಗ್ಗಿ ಅವರ ಕಾಲು ಮುಟ್ಟಿದಳು. ಅಳಬಾರದೆಂದು ಬಂದಿದ್ದವಳು ಅತ್ತೇಬಿಟ್ಟಳು.

“ಅಳಬ್ಯಾಡ,” ಎಂದರು ಮಾಸ್ತರರು. “ನೇಮ ಮಾಡಿದಾಂವ ನಾನು. ವಿರೋಧದ ಪಾಳಿ ನಿನಗ ಕೊಟ್ಟಾಂವ ನಾನು. ನಿನ್ನ ಒಬ್ಬಾಕಿನ್ನ ಮುಂದ ಮಾಡಿ ನಾ ಹಿಂದ ನಿಂದರೂದು ಸರಿ ಅಲ್ಲ. ಛಂದಾಗಿ ಪರೀಕ್ಷಾ ಬರಿ, ಅಷ್ಟ ಸಾಕು.”

ಇಂಥ ಮನುಷ್ಯ ಇನ್ನೊಬ್ಬನಿಲ್ಲ ಎಂದು ಅವಳಿಗೆ ಆ ಗಳಿಗೆಯಲ್ಲಿ ಅನಿಸಿತು. ಊರೆಲ್ಲ ನಂಬದಿದ್ದರೇನು, ನಿಜ ಬಲ್ಲವರು ಇವರೊಬ್ಬರಿದ್ದಾರಲ್ಲ ಎಂದುಕೊಂಡಳು. ತಾವು ಬರೆದುಕೊಟ್ಟಿಲ್ಲವೆಂಬುದು ಬೇರೆ ಯಾರಿಗೂ ಗೊತ್ತಿಲ್ಲದಿದ್ದರೂ ಅವರಿಗೆ ಗೊತ್ತು.

ಮಾಸ್ತರರು ಓಣಿಯ ಆಚೆ ಈಚೆ ನೋಡಿದರು. ಎರಡು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸಿದರು. “ಇನ್ನರೆ ಹೇಳು. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ. ಆ ಭಾಷಣ ನಿನಗ ಖರೇನ ಯಾರು ಬರದುಕೊಟ್ರು?”

ಸಾವಿತ್ರಿ ಕಣ್ಣೊರೆಸುತ್ತಿದ್ದ ಕೈಯನ್ನು ಹಾಗೇ ಹಿಡಿದಳು. ಅವರು ಚೇಷ್ಟೆ ಮಾಡುತ್ತಿರಲಿಲ್ಲ.

“ಯಾರೂ ಇಲ್ರಿ ಸರ,” ಎಂದಳು ಕೊನೆಗೆ. “ನಾನ.”

ಮಾಸ್ತರರು ಪ್ರೀತಿಯಿಂದ ನಕ್ಕರು. “ಶಾಣ್ಯಾ ಇದ್ದಿ. ಹಿಂಗ ಇರಬೇಕು. ಹೆಸರು ಬಿಟ್ಟುಕೊಡಬಾರದು, ಪಾಪ, ಅವರಿಗೂ ಹೆಂಡ್ತಿ ಮಕ್ಕಳು ಇರ್ತಾರ,” ಎಂದು ಬೆನ್ನು ತಟ್ಟಿ, ಮತ್ತೆ ಹಗ್ಗ ಬಿಗಿಯಲು ಹೋದರು.

ಅವರ ಹೆಂಡತಿ ಕಮಲಾಬಾಯಿ ಒಳಗಿನಿಂದ ತಾಮ್ರದ ತಂಬಿಗೆ ಹಿಡಿದು ಬಂದರು. ಕಟ್ಟದೆ ಉಳಿದಿದ್ದ ಪಾತ್ರೆ ಅದೊಂದೇ ಇರಬೇಕು. “ಬಿಸಿಲಾಗ ನಡಕೋತ ಬಂದೀದಿ. ಒಂದಿಷ್ಟು ನೀರರೆ ಕುಡಿ,” ಎಂದರು.

ಸಾವಿತ್ರಿಯ ಗಂಟಲು ಒಣಗಿ ಹೋಗಿತ್ತು. ಅವಳು ತಂಬಿಗೆಯನ್ನು ನೋಡಿದಳು.

“ಒಲ್ಲೆರಿ ಬಾಯಾರ,” ಎಂದಳು. “ಸಾಲಿ ಐತಿ.”